ನೂರಿಪ್ಪತ್ತೊಂಬತ್ತು ಕೋಟಿಯ ಒಂದು ಸಂಖ್ಯೆ ಮತ್ತು ನಮ್ಮ ಸೂಗಮ್ಮನವರು

ಹೈದರಾಬಾದಿನಲ್ಲಿ ಗಣಿತವನ್ನು ಕನ್ನಡದಲ್ಲಿ ಹೇಳಿಕೊಟ್ಟವರು ಬೆರಳೆಣಿಕೆಯಷ್ಟು ಮಂದಿ. ಹೇಳಿಕೊಟ್ಟದ್ದನ್ನು ಬರೆದಿಟ್ಟು, ಬರೆದದ್ದನ್ನು ಮಕ್ಕಳ ಕೈಗೆ ಮುಟ್ಟಿಸಿದವರು ಇನ್ನೂ ಕಡಿಮೆ. ಹಾಗೆ ಕನ್ನಡದಲ್ಲಿ ಮೊದಲು ಬರೆದ ಗಣಿತವೊಂದು ಇಲ್ಲಿಂದ ತೆಲುಗಿಗೂ ಉರ್ದುವಿಗೂ ಹೋಗುವಂತೆ ಮಾಡಿದವರು, ನಾವು ಬಲ್ಲ ಮಟ್ಟಿಗೆ, ಡಾ. ಸೂಗಮ್ಮ ಕೆಂಭಾವಿಯವರೊಬ್ಬರೇ. ಮೂರು ದಶಕಗಳಿಗೂ ಮೀರಿ ಸರಕಾರಿ ಮಹಿಳಾ ಕಾಲೇಜಿನಲ್ಲಿ ಅಧ್ಯಾಪಕಿಯಾಗಿ, ರೀಡರಾಗಿ, ಕೊನೆಗೆ ಗಣಿತ ವಿಭಾಗದ ಮುಖ್ಯಸ್ಥೆಯಾಗಿ ದುಡಿದು, ೧೯೯೪ರ ಈ ಜೂನ್ ತಿಂಗಳಲ್ಲಿ ಅವರು ನಿವೃತ್ತರಾಗುತ್ತಿದ್ದಾರೆ. ಸಂಖ್ಯಾ ಸಿದ್ಧಾಂತದಲ್ಲಿ ಅವರ ಸಂಶೋಧನೆಯನ್ನು ಕುರಿತು ಈ ಅಭಿನಂದನ ಸಂಪುಟದಲ್ಲಿ ಬಲ್ಲವರು ಬರೆದಿದ್ದಾರೆ. ವಿಭಾಗದಲ್ಲಿ ಅವರೊಡನೆ ಕೂತು ಚಹಾ ಕುಡಿದ ನಾವು ಹೇಳಬೇಕಾದದ್ದು ಬೇರೆ: ಒಂದು ಸಂಖ್ಯೆಯಿಂದ ಅವರಿಗೆ ಏನಾಯಿತು, ಅವರು ಏನು ಮಾಡಿದರು ಎಂಬ ಸಂಗತಿ.

ಸೂಗಮ್ಮನವರ ತಂದೆ ಶಾಂತಪ್ಪನವರು ದೇವದುರ್ಗದ ಕಡೆಯಿಂದ ಬಂದು ಬೇಗಂಬಜಾರದಲ್ಲಿ ಬೆಲ್ಲದ ವ್ಯಾಪಾರ ನಡೆಸುತ್ತಿದ್ದರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಓಣಿಯಲ್ಲಿ ತೆಲುಗು. ಮೂರು ಭಾಷೆಗಳಲ್ಲೂ ಎಣಿಸಬಲ್ಲ ಹುಡುಗಿ ಭಾಗಾಕಾರಕ್ಕೆ ಮಾತ್ರ ಕನ್ನಡಕ್ಕೇ ಮರಳುತ್ತಿದ್ದಳು. ತಾಯಿ ಅಂಬವ್ವ ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನು ರೊಟ್ಟಿ ಬಡಿಯುತ್ತ ಹೇಳಿಕೊಟ್ಟಿದ್ದರು. ಬಾಯಲ್ಲಿ ಕೂತ ಆ ಲಯ ಇಂದಿಗೂ ಅವರ ಪಾಠದಲ್ಲಿ ಕೇಳಿಸುತ್ತದೆ.

ಬಿ.ಎಸ್ಸಿ. ಮುಗಿದಾಗ ಓದು ಸಾಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಎಂ.ಎಸ್ಸಿ. ತರಗತಿಗಳು ಸಂಜೆ ನಡೆಯುತ್ತಿದ್ದವು, ಆ ಹೊತ್ತಿನಲ್ಲಿ ಬೇಗಂಬಜಾರದಿಂದ ಹುಡುಗಿಯೊಬ್ಬಳು ಹೋಗಿಬರುವುದು ಆಗ ನಡೆಯುವ ಮಾತಾಗಿರಲಿಲ್ಲ. ಆಗ ಪ್ರೊಫೆಸರ್ ಸುಬ್ಬರಾಯರು ತಾವೇ ಅಂಗಡಿಗೆ ಬಂದರು. ರಾಯಚೂರಿನವರು, ದ್ರವಗಳ ಚಲನೆಯ ಗಣಿತದಲ್ಲಿ ಹೆಸರು ಮಾಡಿದವರು, ವಿಶ್ವವಿದ್ಯಾಲಯದಲ್ಲಿ ಅವರ ಮಾತಿಗೆ ಎದುರಾಡುವವರಿರಲಿಲ್ಲ. ಅಂಥವರು ಬೆಲ್ಲದ ಪೆಂಟೆಗಳ ನಡುವೆ ಸ್ಟೂಲಿನ ಮೇಲೆ ಕೂತು, "ಶಾಂತಪ್ಪನವರ, ನಿಮ್ಮ ಮಗಳು ಮನ್ಯಾಗ ಕೂತ್ರ ನನ್ನ ಕ್ಲಾಸು ಕುಂಟತದ" ಎಂದರು.

"ಕಳಸ್ತೀನ್ರಿ ಸರ. ಆದ್ರ ಕತ್ತಲಾಗೂದ್ರಾಗ ಮನಿಗೆ ಬರಬೇಕು ನೋಡ್ರಿ" ಎಂದು ಶಾಂತಪ್ಪನವರು ಕೈಮುಗಿದರು.

ಮರುವಾರದಿಂದ ಸಂಜೆಯ ತರಗತಿ ಬೆಳಗಿಗೆ ಬಂತು. ಒಬ್ಬ ವಿದ್ಯಾರ್ಥಿನಿಗಾಗಿ ಇಡೀ ತರಗತಿ ಬೇಗ ಎದ್ದಿತು. ಆ ಉಪಕಾರವನ್ನು ಸೂಗಮ್ಮನವರು ಎಂದೂ ಮರೆತವರಲ್ಲ. ಮುಂದೆ ನಡೆದದ್ದು ಅವರಿಗೆ ಅಷ್ಟು ಕಷ್ಟವಾದದ್ದೂ ಅದನ್ನು ಮರೆಯದೆ ಇದ್ದದ್ದರಿಂದಲೇ.

೧೯೬೦ರಲ್ಲಿ ಅವರು ನಮ್ಮ ಕಾಲೇಜಿಗೆ ಬಂದರು. ವಿದ್ಯುತ್ ಇಲಾಖೆಯಲ್ಲಿ ಇಂಜಿನಿಯರಾಗಿದ್ದ ಅಮೃತಪ್ಪ ಕೆಂಭಾವಿಯವರನ್ನು ಮದುವೆಯಾಗಿ, ಮನೆಗಳು ಇನ್ನೂ ವಿರಳವಾಗಿದ್ದ ದಿಲ್‌ಸುಖ್‌ನಗರದಲ್ಲಿ ಸಂಸಾರ ಹೂಡಿದರು. ತರಗತಿಯಲ್ಲಿ ಅವರು ಸಂಖ್ಯೆಗಳನ್ನು ಬೀಗರ ಮನೆಯವರನ್ನು ವಿಚಾರಿಸುವ ಹಾಗೆ ವಿಚಾರಿಸುತ್ತಿದ್ದರು: ಬೆಸವೋ ಸಮವೋ, ಅವಿಭಾಜ್ಯವೋ ಅಲ್ಲವೋ, ಅದನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದರೆ ಅದಕ್ಕಿಂತ ಹೆಚ್ಚೋ ಕಡಿಮೆಯೋ. ಎರಡು ಸಲ ನಪಾಸಾಗಿ ಮೂಲೆಯಲ್ಲಿ ಕೂರುತ್ತಿದ್ದ ಹುಡುಗಿಯೊಬ್ಬಳ ಹಾಜರಿ ಸಂಖ್ಯೆ ಇಪ್ಪತ್ತೆಂಟು ಎಂದು ತಿಳಿದಾಗ, "ಒಂದು, ಎರಡು, ನಾಲ್ಕು, ಏಳು, ಹದಿನಾಲ್ಕು, ಕೂಡಿಸು ನೋಡೂಣು. ಇಪ್ಪತ್ತೆಂಟ ಬಂತಿಲ್ಲೋ? ನಿಂದು ಪರಿಪೂರ್ಣ ಸಂಖ್ಯೆ ಐತವಾ, ಮುಂದ ಬಂದು ಕೂಡು" ಎಂದರು. ಆ ಹುಡುಗಿ ಮುಂದಿನ ಬೆಂಚಿಗೆ ಬಂದಳು, ಪಾಸೂ ಆದಳು. ಅವರ ಸಿಟ್ಟನ್ನೂ ಇಲ್ಲಿ ಹೇಳಿಬಿಡಬೇಕು. ತಡವಾಗಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸುವುದರಲ್ಲಿ ಅವರಿಗೆ ಪ್ರಿನ್ಸಿಪಾಲರೂ ಒಂದೇ, ಮೊದಲ ವರ್ಷದ ಹುಡುಗಿಯೂ ಒಂದೇ.

ಇನ್ನು ೧೯೭೪ರ ಸಂಗತಿ. ಪ್ರೌಢಶಾಲೆಯ ಮಕ್ಕಳಿಗಾಗಿ ಸಂಖ್ಯೆಗಳನ್ನು ಕುರಿತ ಕಿರುಪುಸ್ತಕವೊಂದನ್ನು ಸುಬ್ಬರಾಯರು ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದರು. ತೆಲುಗು ಮತ್ತು ಉರ್ದು ಅನುವಾದಗಳು ಆಗಲೇ ಅಚ್ಚಿಗೆ ಹೋಗಿದ್ದವು. ರಾಜಧಾನಿಯ ಮತ್ತು ಗಡಿ ತಾಲೂಕುಗಳ ಕನ್ನಡ ಶಾಲೆಗಳಿಗಾಗಿ ಕನ್ನಡ ಅನುವಾದವೂ ಬೇಕೆಂದು ಪುಸ್ತಕ ಸಮಿತಿಯವರು ಸೂಗಮ್ಮನವರನ್ನು ಕೇಳಿದರು. ಗುರುಗಳ ಪುಸ್ತಕ, ತಮ್ಮ ಭಾಷೆ. ಅವರಿಗೆ ಅದಕ್ಕಿಂತ ದೊಡ್ಡ ಸಂತೋಷವಿರಲಿಲ್ಲ. ಆ ಹೊತ್ತಿಗೆ ಅವರ ಪಿಎಚ್.ಡಿ. ಪ್ರಬಂಧವೂ ಮುಗಿದು, ಮಾರ್ಗದರ್ಶಕರಾದ ಸುಬ್ಬರಾಯರ ಮೇಜಿನ ಮೇಲೆ ಒಪ್ಪಿಗೆಗಾಗಿ ಕಾದಿತ್ತು.

ಪುಸ್ತಕದ ನಾಲ್ಕನೆಯ ಅಧ್ಯಾಯ ಅವಿಭಾಜ್ಯ ಸಂಖ್ಯೆಗಳದು. ಒಂದು ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆ ಅವಿಭಾಜ್ಯ. ಸಂಖ್ಯೆ ದೊಡ್ಡದಾದರೆ ಭಾಗಿಸಿ ಭಾಗಿಸಿ ನೋಡುವುದು ಮುಗಿಯದ ಕೆಲಸ. ಅದಕ್ಕೆ ಸುಬ್ಬರಾಯರು ಒಂದು ಹತ್ತಿರದ ದಾರಿ ತೋರಿಸಿದ್ದರು: ಎರಡನ್ನು, ಆ ದೊಡ್ಡ ಸಂಖ್ಯೆಗಿಂತ ಒಂದು ಕಡಿಮೆ ಸಲ, ತನ್ನಿಂದಲೇ ಗುಣಿಸಿ, ಬಂದದ್ದನ್ನು ಆ ಸಂಖ್ಯೆಯಿಂದ ಭಾಗಿಸಿದಾಗ ಒಂದು ಉಳಿದರೆ, ಎರಡು ಅದರ ಪರವಾಗಿ ಸಾಕ್ಷಿ ಹೇಳಿತೆಂದು ಅರ್ಥ. ಹಾಗೆಯೇ ಮೂರು, ಐದು, ಏಳನ್ನೂ ಕೇಳಬೇಕು. ನಾಲ್ಕೂ ಒಂದೇ ಮಾತು ಹೇಳಿದರೆ ಸಂಖ್ಯೆ ಅವಿಭಾಜ್ಯ. ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರದಲ್ಲಿ ಹೀಗೆ ಪರೀಕ್ಷಿಸಿದ ಒಂದು ಸಂಖ್ಯೆಯನ್ನು ಅವರು ಹೆಮ್ಮೆಯಿಂದ ಪುಟದ ನಡುವೆ ನಿಲ್ಲಿಸಿದ್ದರು: ೧೨೯,೯೯,೬೩,೬೦೧.

ನೂರಿಪ್ಪತ್ತೊಂಬತ್ತು ಕೋಟಿ ತೊಂಬತ್ತೊಂಬತ್ತು ಲಕ್ಷ ಅರವತ್ತಮೂರು ಸಾವಿರದ ಆರುನೂರ ಒಂದು. ಅಕ್ಷರಗಳಲ್ಲಿ ಅದನ್ನು ಬರೆದಾಗ ಸೂಗಮ್ಮನವರಿಗೆ ಅದರ ಮೇಲೆ ಪ್ರೀತಿ ಬಂತಂತೆ. ಸಂಶಯದಿಂದಲ್ಲ, ಹೊಸ ಸೊಸೆಯನ್ನು ಮಾತಾಡಿಸುವ ಉಮೇದಿನಿಂದ ಅವರು ಅದನ್ನು ಚಿಕ್ಕ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸತೊಡಗಿದರು. ಬೆಳಿಗ್ಗೆ ಒಲೆಯ ಮೇಲೆ ಬೇಳೆ ಬೇಯುವ ಹೊತ್ತು ಅವರ ಭಾಗಾಕಾರದ ಹೊತ್ತು. ಏಳರಿಂದ ಆಗಲಿಲ್ಲ, ಹದಿಮೂರರಿಂದ ಆಗಲಿಲ್ಲ, ನೂರು ದಾಟಿತು, ಐನೂರು ದಾಟಿತು. ಒಂದು ಮುಂಜಾನೆ ಆರುನೂರ ಒಂದರಿಂದ ಭಾಗಿಸಿದಾಗ ಶೇಷ ಉಳಿಯಲಿಲ್ಲ.

ತಾನೇ ತಪ್ಪಿರಬೇಕು ಎಂದುಕೊಂಡರು. ಏನೂ ಹೇಳದೆ ಎರಡು ಸಂಖ್ಯೆಗಳನ್ನು ಗಂಡನ ಮುಂದಿಟ್ಟು ಗುಣಿಸಿಕೊಡಲು ಕೇಳಿದರು. ಆರುನೂರ ಒಂದು, ಇಪ್ಪತ್ತೊಂದು ಲಕ್ಷ ಅರವತ್ತಮೂರು ಸಾವಿರದ ಒಂದು. ಅಮೃತಪ್ಪನವರು ಗುಣಿಸಿ ಕೊಟ್ಟ ಉತ್ತರವನ್ನು ನೋಡಿ ಸೂಗಮ್ಮನವರು ಒಲೆ ಆರಿಸಿ ಕೂತುಬಿಟ್ಟರು. ಬೇಳೆ ಆ ದಿನ ಬೇಯಲಿಲ್ಲ.

ಆ ಎರಡನೆಯ ಸಂಖ್ಯೆಯೂ ಒಡೆಯಿತು: ಸಾವಿರದ ಇನ್ನೂರ ಒಂದು, ಸಾವಿರದ ಎಂಟುನೂರ ಒಂದು. ಹಾಗಾದರೆ ನಾಲ್ಕು ಸಾಕ್ಷಿಗಳೂ ಒಂದಾಗಿ ಸುಳ್ಳು ಹೇಳಿದ್ದೇಕೆ? ಅದಕ್ಕೆ ಉತ್ತರ ಸಿಗಲು ಮತ್ತಷ್ಟು ಮುಂಜಾವುಗಳು ಬೇಕಾದವು. ಮೂರು ಅಪವರ್ತನಗಳಲ್ಲಿ ಒಂದೊಂದು ಕಳೆದರೆ ಆರುನೂರು, ಸಾವಿರದ ಇನ್ನೂರು, ಸಾವಿರದ ಎಂಟುನೂರು. ಆ ದೊಡ್ಡ ಸಂಖ್ಯೆಯಲ್ಲಿ ಒಂದು ಕಳೆದರೆ ಉಳಿಯುವುದು ಈ ಮೂರರಿಂದಲೂ ಸರಿಯಾಗಿ ಭಾಗವಾಗುತ್ತಿತ್ತು. ಆದ್ದರಿಂದ ತನ್ನ ಮೂರು ಅಪವರ್ತನಗಳಿಂದ ಭಾಗವಾಗದ ಯಾವ ಸಂಖ್ಯೆಯನ್ನು ಸಾಕ್ಷಿಗೆ ಕರೆದರೂ ಅದು ಇದರ ಪರವಾಗಿಯೇ ಹೇಳುತ್ತಿತ್ತು. ಅಂದರೆ ಇದು ಅಚ್ಚಿನ ತಪ್ಪಲ್ಲ, ಗುಣಾಕಾರದ ತಪ್ಪೂ ಅಲ್ಲ. ಗುರುಗಳು ತೋರಿಸಿದ ದಾರಿಯೇ ತಪ್ಪು.

ಅಮೃತಪ್ಪನವರು ವ್ಯವಹಾರ ಬಲ್ಲವರು. "ನಿನ್ನ ಪ್ರಬಂಧ ಅವರ ಮೇಜಿನ ಮ್ಯಾಲ ಐತಿ. ಒಂದೆರಡು ತಿಂಗಳ ತಡೀಬಾರದೇನು?" ಎಂದರು.

"ಒಂದೆರಡು ತಿಂಗಳಿಗೆ ಪುಸ್ತಕ ಹುಡುಗರ ಕೈಯಾಗ ಇರ್ತೈತ್ರಿ" ಎಂದರು ಸೂಗಮ್ಮನವರು.

ಮೊದಲು ಅವರು ಹೋದದ್ದು ಪುಸ್ತಕ ಸಮಿತಿಯ ಕಚೇರಿಗೆ. ಅಲ್ಲಿನ ಅಧಿಕಾರಿ ರಾಮಕೃಷ್ಣ ಅವರು ಆದೋನಿಯ ಕನ್ನಡಿಗರು, ಕೆಟ್ಟವರಲ್ಲ, ಆದರೆ ತಾರೀಖಿಗೆ ಕಟ್ಟುಬಿದ್ದವರು.

"ಮೇಡಂ, ನಿಮಗೆ ಅನುವಾದ ಮಾಡಾಕ ಕೊಟ್ಟೀವಿ, ತಿದ್ದಾಕಲ್ಲ. ತೆಲುಗು, ಉರ್ದು ಎರಡೂ ಅಚ್ಚಾಗಿ ಬೈಂಡಿಂಗ್‌ಗೆ ಹೋಗ್ಯಾವ. ಬಿಡುಗಡಿಗೆ ಮಂತ್ರಿಗಳು ತಾರೀಖ್ ಕೊಟ್ಟಾರ."

"ಪುಸ್ತಕದಾಗ ತಪ್ಪು ಐತಲ್ರಿ."

"ಐತಿ ಅಂತನ ಇಟ್ಕೊಳ್ರಿ. ಕನ್ನಡದಾಗ ನೀವು ಸುಮ್ನ ಸರಿಮಾಡಿಬಿಡ್ರಿ, ಯಾರು ಕೇಳ್ತಾರ? ಪ್ರೊಫೆಸರ್ ಸಾಹೇಬ್ರ ಮರ್ಯಾದಿ ಉಳೀತೈತಿ, ನಿಮ್ಮ ಮನಸಿಗೂ ಸಮಾಧಾನ ಆಕ್ಕೈತಿ."

ಅದು ಸುಲಭದ ದಾರಿ. ಯಾರಿಗೂ ನೋವಾಗುತ್ತಿರಲಿಲ್ಲ, ಪ್ರಬಂಧಕ್ಕೂ ಕುತ್ತಿರಲಿಲ್ಲ. ಸೂಗಮ್ಮನವರು ಎದ್ದು ನಿಂತು, "ಕನ್ನಡದಾಗ ಭಾಗ ಆಗೂ ಸಂಖ್ಯೆ ತೆಲುಗಿನಾಗ ಭಾಗ ಆಗೂದಿಲ್ಲೇನ್ರಿ?" ಎಂದು ಕೇಳಿ ಹೊರಬಂದರು. ಈ ಮಾತನ್ನು ನಮಗೆ ಹೇಳಿದವರು ರಾಮಕೃಷ್ಣ ಅವರೇ, ಅದೂ ಎಷ್ಟೋ ವರ್ಷಗಳ ಮೇಲೆ, ನಗುನಗುತ್ತ.

ಅಲ್ಲಿಂದ ಬರ್ಕತ್‌ಪುರದ ಗುರುಗಳ ಮನೆಗೆ ಹೋಗುವುದು ಅವರಿಗೆ ಸುಲಭವಾಗಿರಲಿಲ್ಲ, ಆದರೂ ಹೋದರು. ಬೇಗಂಬಜಾರದ ಅಂಗಡಿಗೆ ಬಂದು ತಂದೆಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದ ಮನುಷ್ಯ ಅವರು. ಸುಬ್ಬರಾಯರು ಮಾತನ್ನು ಪೂರ್ತಿ ಕೇಳಿ, ಕನ್ನಡಕ ತೆಗೆದು ಕೆಳಗಿಟ್ಟರು.

"ಒಂದು ಸಾಕ್ಷಿ ಸುಳ್ಳು ಹೇಳ್ತದ ಅಂತ ನನಗೂ ಗೊತ್ತದ ಸೂಗಮ್ಮ. ಅದಕ್ಕ ನಾಲ್ಕು ತಗೊಂಡೀನಿ. ನಾಲ್ಕೂ ಕೂಡಿ ಸುಳ್ಳು ಹೇಳ್ತಾವೇನು?"

"ಇದರ ಮುಂದ ನಾಲ್ಕು ನೂರು ನಿಂತ್ರೂ ಸುಳ್ಳ ಹೇಳ್ತಾವ್ರಿ ಸರ್. ನನ್ನ ಮಾತು ಬ್ಯಾಡ. ಆರುನೂರ ಒಂದರಿಂದ ಒಮ್ಮೆ ಭಾಗಿಸಿ ನೋಡ್ರಿ."

ಅವರು ಕಾಗದ ತೆಗೆದುಕೊಂಡು ತಾವೇ ಭಾಗಿಸಿದರು. ಕೊನೆಯ ಸೊನ್ನೆ ಬಂದ ಮೇಲೂ ಪೆನ್ನು ಎತ್ತಲಿಲ್ಲ. "ಯಾರ್ಯಾರಿಗೆ ಹೇಳೀದಿ?" ಎಂದರು. ಸೂಗಮ್ಮನವರು ಹೇಳಿದರು. "ಆತು. ಇನ್ನ ನೀ ಹೋಗು" ಎಂದರು. ಕೂತಲ್ಲಿಂದ ಏಳಲಿಲ್ಲ, ಬಾಗಿಲವರೆಗೆ ಬರಲಿಲ್ಲ. ಎಂದೂ ಹಾಗೆ ಮಾಡಿದವರಲ್ಲ.

ಅಲ್ಲಿಂದ ಮುಂದೆ ಕೆಲವು ವಾರ ಅವರಿಂದ ಸುದ್ದಿಯಿಲ್ಲ. ಸೂಗಮ್ಮನವರು ಉಳಿದ ಅಧ್ಯಾಯಗಳನ್ನೆಲ್ಲ ಅನುವಾದಿಸಿ, ನಾಲ್ಕನೆಯದನ್ನು ಹಾಗೆಯೇ ಬಿಟ್ಟರು. ಗುರುವಿನ ತಪ್ಪು ಹುಡುಕಲು ಹೊರಟವಳೆಂಬ ಮಾತು ನಮ್ಮ ಸ್ಟಾಫ್ ರೂಮಿಗೂ ಬಂತು. ಅವರು ಎಂದಿನಂತೆ ತರಗತಿಗೆ ಹೋದರು. ಆದರೆ ಆ ದಿನಗಳಲ್ಲಿ ಅವರು ಹಲಗೆಯ ಕಡೆ ತಿರುಗಿದರೆ ಬೇಗ ಇತ್ತ ತಿರುಗುತ್ತಿರಲಿಲ್ಲ ಎಂಬುದನ್ನು ಅವರ ವಿದ್ಯಾರ್ಥಿನಿಯರು ಗಮನಿಸಿದ್ದರು. ತಾನು ಹೇಳಿದ್ದು ಸರಿಯೆಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಸರಿಯಾದದ್ದನ್ನು ಹೇಳಿ ಗುರುವನ್ನು ಕಳೆದುಕೊಂಡೆನೇ ಎಂಬುದೊಂದೇ ಅವರನ್ನು ತಿನ್ನುತ್ತಿತ್ತು.

ಬಿಡುಗಡೆಯ ದಿನ ಹತ್ತಿರ ಬಂದಾಗ, ಒಂದು ಭಾನುವಾರ ಬೆಳಿಗ್ಗೆ ದಿಲ್‌ಸುಖ್‌ನಗರದ ಅವರ ಮನೆಯ ಮುಂದೆ ಆಟೋರಿಕ್ಷಾ ನಿಂತಿತು. ಇಳಿದವರು ಸುಬ್ಬರಾಯರು.

"ಅಮೃತಪ್ಪನವರ, ನಿಮ್ಮ ಮನಿಯವರು ನನ್ನ ನಿದ್ದಿ ಕೆಡಿಸ್ಯಾರ" ಎನ್ನುತ್ತಲೇ ಒಳಗೆ ಬಂದು ಕೂತರು. ನೀರು ಕುಡಿದರು. ಆಮೇಲೆ ಪಾಠ ಹೇಳುವ ದನಿಯಲ್ಲಿ ಶುರುಮಾಡಿದರು: "ಆರುನೂರ ಒಂದು ಅಂದ್ರ ಇಪ್ಪತ್ನಾಲ್ಕರ ವರ್ಗಕ್ಕ ಐದರ ವರ್ಗ ಕೂಡಿಸಿದ್ದು. ಸಾವಿರದ ಇನ್ನೂರ ಒಂದು ಅಂದ್ರ ಇಪ್ಪತ್ನಾಲ್ಕರ ವರ್ಗಕ್ಕ ಇಪ್ಪತ್ತೈದರ ವರ್ಗ. ಇನ್ನ ಸಾವಿರದ ಎಂಟುನೂರ ಒಂದು..." ಅಲ್ಲಿಗೆ ನಿಲ್ಲಿಸಿ ಶಿಷ್ಯೆಯ ಮುಖ ನೋಡಿದರು.

ಸೂಗಮ್ಮನವರು ಮನಸ್ಸಿನಲ್ಲೇ ಕಳೆದರು. "ಇಪ್ಪತ್ನಾಲ್ಕರ ವರ್ಗಕ್ಕ ಮೂವತ್ತೈದರ ವರ್ಗ ರೀ ಸರ್!"

"ಮೂರೂ ಮನಿಯೊಳಗ ಅದೇ ಇಪ್ಪತ್ನಾಲ್ಕು ಕೂತದ ನೋಡು! ಇಷ್ಟು ದಿನ ಅದರ ಹಿಂದ ಬಿದ್ದಿದ್ದೆ. ತಪ್ಪು ಹುಡುಕಿದ್ದು ನಿನ್ನ ಪಾಲು, ಇದು ನನ್ನ ಪಾಲು. ಎರಡೂ ಸೇರಿಸಿ ನಾಲ್ಕನೇ ಅಧ್ಯಾಯ ನೀನ ಬರಿ."

"ನಾ ಬರೇ ಅನುವಾದಕ್ಕ ಬಂದಾಕಿರಿ ಸರ್."

"ಇನ್ನ ತೆಲುಗು, ಉರ್ದುದವರು ನಿನ್ನಿಂದ ಅನುವಾದ ಮಾಡ್ಕೊಳ್ಳಲಿ."

ಸೂಗಮ್ಮನವರು ಅಡುಗೆಮನೆಗೆ ಹೋಗಿ ಚಹಾ ಮಾಡುವ ನೆಪದಲ್ಲಿ ಅತ್ತರೆಂದು ಅಮೃತಪ್ಪನವರು ಹೇಳುತ್ತಾರೆ, ಸೂಗಮ್ಮನವರು ಅಲ್ಲಗಳೆಯುತ್ತಾರೆ. ಚಹಾ ಉಪ್ಪಾಗಿತ್ತೆಂಬುದನ್ನು ಇಬ್ಬರೂ ಒಪ್ಪುತ್ತಾರೆ.

ಮರುದಿನ ಪುಸ್ತಕ ಸಮಿತಿಯ ಸಭೆಯಲ್ಲಿ ಸುಬ್ಬರಾಯರು ತಾವೇ ಎದ್ದು ನಿಂತರು. ತಪ್ಪು ತಮ್ಮದೆಂದೂ, ಅದನ್ನು ಹುಡುಕಿ ಕಾರಣಸಹಿತ ತೋರಿಸಿದವರು ತಮ್ಮ ವಿದ್ಯಾರ್ಥಿನಿಯೆಂದೂ ಹೇಳಿದರು. ಒಂದು ತಿದ್ದುಪಡಿ ಚೀಟಿ ಅಂಟಿಸಿದರೆ ಸಾಲದೇ ಎಂದು ಯಾರೋ ಕೇಳಿದಾಗ, "ಸಂಖ್ಯೆ ತಪ್ಪಿದ್ದರ ಚೀಟಿ ಸಾಕಿತ್ತು. ನಾ ಕಲಿಸಿದ್ದೇ ತಪ್ಪದ. ಪುಸ್ತಕ ನಿಲ್ಲಿಸ್ರಿ" ಎಂದರು. ಹೆಸರೂ ವಯಸ್ಸೂ ಇದ್ದ ಮನುಷ್ಯ ಆ ಮಾತನ್ನು ತಲೆಯೆತ್ತಿ ಹೇಳಿದ್ದನ್ನು ಕಂಡು, ಕೊನೆಯ ಕುರ್ಚಿಯಲ್ಲಿ ಕೂತಿದ್ದ ಸೂಗಮ್ಮನವರಿಗೆ ತಾನು ಅವರ ಶಿಷ್ಯೆಯೆಂಬ ಹೆಮ್ಮೆ ಅಂದಿನಷ್ಟು ಇನ್ನೆಂದೂ ಆಗಲಿಲ್ಲವಂತೆ.

ಬಿಡುಗಡೆ ಮುಂದೆ ಹೋಯಿತು. ಅಚ್ಚಾದ ಪ್ರತಿಗಳು ರದ್ದಿಗೆ ಹೋದವು. ಮೇಲಿನವರಿಗೆ ಅಸಮಾಧಾನವಾಯಿತು, ಆಮೇಲೆ ಬಹಳ ವರ್ಷ ಯಾವ ಸಮಿತಿಗೂ ಸೂಗಮ್ಮನವರನ್ನು ಕರೆಯಲಿಲ್ಲ, ರೀಡರ್ ಹುದ್ದೆಯೂ ತಡವಾಗಿಯೇ ಬಂತು. ಅವರು ಅದನ್ನು ಯಾರೊಡನೆಯೂ ಹೇಳಿಕೊಂಡದ್ದಿಲ್ಲ. ಪ್ರಬಂಧವನ್ನು ಸುಬ್ಬರಾಯರು ಅದೇ ವಾರ ಪರೀಕ್ಷಕರಿಗೆ ಕಳಿಸಿದರು; ಮರುವರ್ಷ ಅವರು ಡಾಕ್ಟರ್ ಸೂಗಮ್ಮ ಆದರು.

ನಾಲ್ಕನೆಯ ಅಧ್ಯಾಯವನ್ನು ಅವರು ಕನ್ನಡದಲ್ಲೇ ಹೊಸದಾಗಿ ಬರೆದರು. ಅದರಲ್ಲಿ ಆ ಸಂಖ್ಯೆಯ ಪೂರ್ತಿ ಪರಿಚಯವಿದೆ. ಬೆಸ ಸಂಖ್ಯೆ. ಮೂರು ಅವಿಭಾಜ್ಯಗಳಿಂದ ಆದದ್ದು, ಯಾವುದೂ ಎರಡು ಸಲ ಬಂದಿಲ್ಲ. ಭಾಜಕಗಳು ಎಂಟು. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನು ಕೂಡಿದರೆ ನಲವತ್ತು ಲಕ್ಷವೂ ಆಗದು, ಆದ್ದರಿಂದ ಇದು ಊನ ಸಂಖ್ಯೆ. ಅಪವರ್ತನಗಳು ಮೂರೂ ಎರಡೆರಡು ವರ್ಗಗಳ ಮೊತ್ತ. ಅವಿಭಾಜ್ಯದ ವೇಷ ತೊಟ್ಟು ಪರೀಕ್ಷೆಯಲ್ಲಿ ಪಾಸಾಗುವ ಈ ಬಗೆಯ ಸಂಖ್ಯೆಗಳಿಗೆ ಕಾರ್ಮೈಕೇಲ್ ಸಂಖ್ಯೆಗಳೆಂದು ಹೆಸರು. ಎಲ್ಲಕ್ಕಿಂತ ಚಿಕ್ಕದು ಐನೂರ ಅರವತ್ತೊಂದು. ಇವು ಎಲ್ಲಿಯಾದರೂ ಮುಗಿಯುತ್ತವೆಯೋ ಇಲ್ಲವೋ ಆಗ ಯಾರಿಗೂ ಗೊತ್ತಿರಲಿಲ್ಲ. ತೆಲುಗು, ಉರ್ದು ಅನುವಾದಕರು ನಮ್ಮ ಕಾಲೇಜಿಗೇ ಬಂದು ಅವರ ಎದುರು ಕೂತು, ಒಂದೊಂದು ವಾಕ್ಯವನ್ನು ಕೇಳಿ ತಿಳಿದುಕೊಂಡು ಬರೆದುಕೊಂಡರು. ಎರಡೂ ಪುಸ್ತಕಗಳಲ್ಲಿ ಆ ಅಧ್ಯಾಯದ ಕೆಳಗೆ "ಕನ್ನಡ ಮೂಲದಿಂದ" ಎಂದು ಅಚ್ಚಾಯಿತು. ಈ ರಾಜಧಾನಿಯಲ್ಲಿ ಕನ್ನಡದಿಂದ ಗಣಿತ ಪಡೆದದ್ದಕ್ಕೆ ಅಚ್ಚಿನಲ್ಲಿ ಸಿಕ್ಕ ಆ ಎರಡು ಪದಗಳಿಗೆ ನಾವೆಲ್ಲ ಆಗ ಎಷ್ಟು ಬೀಗಿದೆವೆಂದು ಈಗಿನವರಿಗೆ ಹೇಳುವುದು ಕಷ್ಟ.

ಕೆಲವು ವರ್ಷಗಳ ಮೇಲೆ ಅಮೀರ್‌ಪೇಟೆಯಿಂದ ಶಾಮಲಾ ಎಂಬ ತೆಲುಗು ಹುಡುಗಿ ಬಿ.ಎಸ್ಸಿ.ಗೆ ಸೇರಲು ಬಂದಳು. ಫೀಸು ಕಟ್ಟುವ ಸಾಲು ಬಿಟ್ಟು ನೇರ ವಿಭಾಗಕ್ಕೆ ನುಗ್ಗಿ, ಇಲ್ಲಿ ಸೂಗಮ್ಮ ಯಾರೆಂದು ತೆಲುಗಿನಲ್ಲಿ ಕೇಳಿದಳು. ಶಾಲೆಯಲ್ಲಿ ಆ ಅಧ್ಯಾಯ ಓದಿ, ಇಂಥದ್ದೇ ಇನ್ನೊಂದು ಸಂಖ್ಯೆಯನ್ನು ತಾನೇ ಹುಡುಕಿಕೊಂಡು ಬಂದಿದ್ದಳು. ಸೂಗಮ್ಮನವರು ತಮ್ಮ ಕುರ್ಚಿಯನ್ನು ಅವಳಿಗೆ ಬಿಟ್ಟುಕೊಟ್ಟು, ನಿಂತುಕೊಂಡೇ ಅವಳ ಲೆಕ್ಕ ನೋಡಿದರು. ಲೆಕ್ಕ ಸರಿಯಾಗಿತ್ತು. ಆ ಶಾಮಲಾ ಈಗ ನಮ್ಮ ವಿಭಾಗದ ಅಧ್ಯಾಪಕಿ.

ಮುಖ್ಯಸ್ಥೆಯಾದ ಮೇಲೆ ಸೂಗಮ್ಮನವರು ಬೇಸಿಗೆ ರಜೆಗಳನ್ನೆಲ್ಲ ಗಡಿಯ ಕನ್ನಡ ಶಾಲೆಗಳ ಶಿಕ್ಷಕರಿಗೆ ಪಾಠ ಹೇಳಲು ಕೊಟ್ಟರು. ಸುಬ್ಬರಾಯರು ತೀರಿಕೊಳ್ಳುವವರೆಗೂ ಹಬ್ಬಕ್ಕೆ ಬರ್ಕತ್‌ಪುರಕ್ಕೆ ಹೋಗಿ ನಮಸ್ಕರಿಸಿ ಬರುತ್ತಿದ್ದರು. ಪ್ರತಿ ಸಲವೂ ಗುರುಗಳು ಅವರನ್ನು ಬೀದಿಯವರೆಗೆ ಬಂದು ಕಳಿಸುತ್ತಿದ್ದರು. ಅಂಥ ವೇಷಧಾರಿ ಸಂಖ್ಯೆಗಳಿಗೆ ಕೊನೆಯೇ ಇಲ್ಲವೆಂದು ಪರದೇಶದ ಗಣಿತಜ್ಞರು ಸಾಧಿಸಿದ್ದಾರೆಂಬ ಸುದ್ದಿ ಈಚೆಗೆ ಬಂದಾಗ, ಅವರು ವಿಭಾಗಕ್ಕೆಲ್ಲ ಪೇಡೆ ಹಂಚಿದರು. ಯಾರ ಮದುವೆಯೆಂದು ಜವಾನ ಕೇಳಿದ್ದಕ್ಕೆ, "ಮದಿವಿ ಅಲ್ಲಪಾ, ವಂಶ ಬೆಳದೈತಿ" ಎಂದರು.

ನಿವೃತ್ತಿಯ ನಂತರ ಏನು ಮಾಡುವಿರೆಂದು ಕೇಳಿದವರಿಗೆ ಅವರು ತೋರಿಸುವುದು ಈಗಾಗಲೇ ಆರಂಭಿಸಿರುವ ಕೆಲಸವನ್ನು. ಒಂದರಿಂದ ಹಿಡಿದು ಒಂದೊಂದು ಪೂರ್ಣಾಂಕದ ಗುಣವನ್ನೂ ಅದು ಯಾವ ಬಗೆಗೆ ಸೇರಿದ್ದೆಂಬುದನ್ನೂ ಮಕ್ಕಳಿಗೆ ತಿಳಿಯುವ ಕನ್ನಡದಲ್ಲಿ ಬರೆಯುತ್ತಿದ್ದಾರೆ. ಅವರಿಗೆ ಕಣ್ಣು, ಕೈ, ಆರೋಗ್ಯ ಎಲ್ಲವೂ ಬಹುಕಾಲ ಒದಗಲಿ. ಅಮೃತಪ್ಪನವರ ಸಂಗಡ ಅವರ ದಿಲ್‌ಸುಖ್‌ನಗರದ ಮನೆ ಎಂದಿನಂತೆ ಪ್ರಶ್ನೆ ಹೊತ್ತು ಬರುವವರಿಂದ ತುಂಬಿರಲಿ. ಮೊನ್ನೆ ಶಾಮಲಾ, ತನಗೆ ಈಗ ಚೆನ್ನಾಗಿ ಬರುವ ಕನ್ನಡದಲ್ಲಿ, "ಎಲ್ಲೀ ಮಟ ಬರೀತೀರ್ರಿ ಮೇಡಂ?" ಎಂದು ಕೇಳಿದಳು. ಸೂಗಮ್ಮನವರು ಬರೆಯುತ್ತಿದ್ದ ಸಾಲಿನಿಂದ ತಲೆಯೆತ್ತದೆ, "ಸಂಖ್ಯೆ ಮುಗಿಯೂ ಮಟ" ಎಂದರು. ಆ ಮಾತು ಅಕ್ಷರಶಃ ನಿಜವಾಗಲಿ ಎಂಬುದಷ್ಟೇ ನಮ್ಮೆಲ್ಲರ ಆಸೆ.